ರೆಕ್ಕೆ ಗಟ್ಟಿನೂ ಇರ್ಬೇಕು, ಲಿಫ್ಟೂ ಜಾಸ್ತಿ ಬೇಕು ಅಂದ್ರೆ ಶೇಪ್ ಹೇಗೆ ಡಿಸೈನ್ ಮಾಡೋದು

ಜಾಸ್ತಿ ಲಿಫ್ಟ್, ಅಂದ್ರೆ ಮೇಲಕ್ಕೆತ್ತೋ ಫೋರ್ಸ್, ಬೇಕು ಅಂದ ತಕ್ಷಣ ತುಂಬಾ ಜನ ಮಾಡೋ ಮೊದಲ ಕೆಲಸ ಏರ್‌ಫಾಯ್ಲ್ (ರೆಕ್ಕೆಯನ್ನ ಅಡ್ಡ ಕತ್ತರಿಸಿದ್ರೆ ಕಾಣೋ ಶೇಪ್) ಹುಡುಕೋದು. ಇಲಿನಾಯ್ ಯೂನಿವರ್ಸಿಟಿಯ ಡೇಟಾಬೇಸ್ ಒಂದರಲ್ಲೇ ಸಾವಿರದ ಮೇಲೆ ಶೇಪ್‌ಗಳಿವೆ, ಅದರಲ್ಲಿ ಯಾವುದಕ್ಕೆ ಲಿಫ್ಟ್ ನಂಬರ್ ದೊಡ್ಡದಿದೆಯೋ ಅದನ್ನ ಎತ್ಕೊಂಡು ಬಂದು ಕಟ್ ಮಾಡೋಕೆ ಶುರು. ಆಮೇಲೆ ರೆಕ್ಕೆ ಬಾಗತ್ತೆ, ತಿರುಚ್ಕೊಳ್ಳತ್ತೆ, ಹೇಳಿದಷ್ಟು ಲಿಫ್ಟೂ ಬರಲ್ಲ. ನನ್ನ ಪ್ರಕಾರ ಮೊದಲು ತೀರ್ಮಾನ ಮಾಡ್ಬೇಕಾಗಿರೋದು ದಪ್ಪ. ಯಾಕಂದ್ರೆ ಗಟ್ಟಿತನ ಮತ್ತೆ ಲಿಫ್ಟ್ ಎರಡೂ ಕೈ ಕುಲುಕೋ ಜಾಗ ಅದೊಂದೇ, ಒಂದು ಮಿತಿವರೆಗೆ ದಪ್ಪ ಏರಿಸಿದ್ರೆ ಎರಡೂ ಒಟ್ಟಿಗೆ ಏರತ್ತೆ, ಮಿಕ್ಕಿದ್ದೆಲ್ಲ ಒಂದು ಕೊಟ್ಟು ಇನ್ನೊಂದು ತಗೊಳ್ಳೋ ವ್ಯಾಪಾರ.

ಇಲ್ಲಿ ಹೇಳ್ತಿರೋದು ಆರ್‌ಸಿ ವಿಮಾನ, ಡ್ರೋನ್ ರೆಕ್ಕೆ, ಸಣ್ಣ ವಿಂಡ್ ಟರ್ಬೈನ್ ಬ್ಲೇಡ್ ಸೈಜಿನ ವಿಷಯ. ಮನುಷ್ಯರು ಕೂತು ಹಾರೋ ವಿಮಾನಕ್ಕೆ ಈ ಲೆಕ್ಕ ಸಾಕಾಗಲ್ಲ.

ಮೊದಲು ಎಷ್ಟು ಲಿಫ್ಟ್ ಬೇಕು ಅಂತ ಲೆಕ್ಕ ಹಾಕಿ

ಫಾರ್ಮುಲಾ ಎಲ್ರಿಗೂ ಗೊತ್ತಿರೋದೇ. ಗಾಳಿಯ ಡೆನ್ಸಿಟಿಯ ಅರ್ಧ, ಅದಕ್ಕೆ ವೇಗದ ವರ್ಗ, ಅದಕ್ಕೆ ರೆಕ್ಕೆಯ ಏರಿಯಾ, ಅದಕ್ಕೆ ಲಿಫ್ಟ್ ಕೋಎಫಿಶಿಯೆಂಟ್ (ಆ ಶೇಪ್ ಎಷ್ಟು ಚೆನ್ನಾಗಿ ಎತ್ತತ್ತೆ ಅನ್ನೋ ನಂಬರ್), ಎಲ್ಲಾ ಗುಣಿಸಿದ್ರೆ ಲಿಫ್ಟ್. ಸಮುದ್ರ ಮಟ್ಟದಲ್ಲಿ ಡೆನ್ಸಿಟಿ 1.225 ಕೆಜಿ ಪ್ರತಿ ಘನ ಮೀಟರ್‌ಗೆ.

ಒಂದು ಉದಾಹರಣೆ ಇಟ್ಕೊಂಡೇ ಹೋಗೋಣ, ಕೊನೆವರೆಗೂ ಬಳಸಬಹುದು. 4 ಕೆಜಿ ವಿಮಾನ, 2 ಮೀಟರ್ ಸ್ಪ್ಯಾನ್ (ರೆಕ್ಕೆಯ ಈ ತುದಿಯಿಂದ ಆ ತುದಿಗೆ ಉದ್ದ), ಕಾರ್ಡ್ (ಮುಂದಿನ ಅಂಚಿಂದ ಹಿಂದಿನ ಅಂಚಿಗೆ ಅಗಲ) 250 ಮಿಮೀ, ಅಂದ್ರೆ ಏರಿಯಾ 0.5 ಚದರ ಮೀಟರ್, ಆಸ್ಪೆಕ್ಟ್ ರೇಶಿಯೋ (ಸ್ಪ್ಯಾನ್ ಭಾಗಿಸು ಕಾರ್ಡ್) 8. ರೆಕ್ಕೆ ಕೊಡೋ ಗರಿಷ್ಠ ಕೋಎಫಿಶಿಯೆಂಟ್ 1.2 ಆದ್ರೆ ಸ್ಟಾಲ್ ವೇಗ (ಇದಕ್ಕಿಂತ ನಿಧಾನ ಆದ್ರೆ ರೆಕ್ಕೆ ವಿಮಾನದ ಭಾರ ಎತ್ತಲ್ಲ) ಸೆಕೆಂಡಿಗೆ ಸುಮಾರು 10.3 ಮೀಟರ್. ಅದನ್ನ ಕಷ್ಟಪಟ್ಟು 2.0ಕ್ಕೆ ಏರಿಸಿದ್ರೆ 8 ಮೀಟರ್. ಇಲ್ಲೇ ಒಂದ್ನಿಮಿಷ ನಿಲ್ಲಿ. ಕೋಎಫಿಶಿಯೆಂಟ್ ಸುಮಾರು 67 ಪರ್ಸೆಂಟ್ ಜಾಸ್ತಿ ಮಾಡಿ ಉಳಿಸಿದ್ದು 2.3 ಮೀಟರ್ ವೇಗ ಅಷ್ಟೇ, ಯಾಕಂದ್ರೆ ವೇಗ ವರ್ಗದಲ್ಲಿ ಕೂತಿದೆ. ನಿಮಗೆ ರನ್‌ವೇ ನಿಜವಾಗ್ಲೂ ಚಿಕ್ಕದಿದೆಯಾ, ಭಾರ ಎತ್ತೋ ಕಾಂಪಿಟಿಷನ್ನಾ, ಹಾಗಿದ್ರೆ ಸರಿ. ಇಲ್ಲಾಂದ್ರೆ ಏರಿಯಾ ಸ್ವಲ್ಪ ಜಾಸ್ತಿ ಮಾಡೋದು ಎಷ್ಟೋ ಸಲ ಸುಲಭದ ದಾರಿ.

ರೆನಾಲ್ಡ್ಸ್ ನಂಬರ್ ನೋಡದೆ ಏರ್‌ಫಾಯ್ಲ್ ಆರಿಸ್ಬೇಡಿ

ರೆನಾಲ್ಡ್ಸ್ ನಂಬರ್ ಅಂದ್ರೆ ಸೈಜು ಮತ್ತೆ ವೇಗಕ್ಕೆ ತಕ್ಕ ಹಾಗೆ ಗಾಳಿ ಹೇಗೆ ನಡ್ಕೊಳ್ಳತ್ತೆ ಅಂತ ಹೇಳೋ ನಂಬರ್. ವೇಗವನ್ನ ಮೀಟರ್ ಪ್ರತಿ ಸೆಕೆಂಡಲ್ಲಿ, ಕಾರ್ಡನ್ನ ಮೀಟರಲ್ಲಿ ಹಾಕಿ ಗುಣಿಸಿ, ಅದನ್ನ 68,500ರಿಂದ ಗುಣಿಸಿ, ಮುಗೀತು. ನಮ್ಮ ವಿಮಾನಕ್ಕೆ ಸ್ಟಾಲ್ ಹತ್ರ ಸುಮಾರು 1,76,000 ಬರತ್ತೆ. ದೊಡ್ಡ ವಿಮಾನಗಳ ಟೇಬಲ್‌ಗಳಲ್ಲಿ ಇರೋದು 30 ಲಕ್ಷ, 60 ಲಕ್ಷದ ಡೇಟಾ. ಅಲ್ಲಿ ಲಿಫ್ಟ್ ಕೋಎಫಿಶಿಯೆಂಟ್ 1.6 ಕೊಡೋ ಶೇಪ್ ನಿಮ್ಮ ಹತ್ರ 1.2 ಕೊಟ್ರೆ ಅದು ಶೇಪಿನ ತಪ್ಪಲ್ಲ.

ಸಣ್ಣ ರೆನಾಲ್ಡ್ಸ್‌ನಲ್ಲಿ ಆಗೋದು ಏನಂದ್ರೆ ಮೇಲ್ಮೈ ಮೇಲೆ ಗಾಳಿ ಲ್ಯಾಮಿನಾರ್ (ಪದರ ಪದರವಾಗಿ, ನಯವಾಗಿ) ಆಗಿ ಹೋಗ್ತಾ ಇರತ್ತೆ, ದಪ್ಪದ ಜಾಗ ದಾಟಿದ ಮೇಲೆ ಪ್ರೆಶರ್ ಏರೋಕೆ ಶುರುವಾಗತ್ತೆ, ಅದನ್ನ ಎದುರಿಸೋ ಶಕ್ತಿ ಇಲ್ಲದೆ ಗಾಳಿ ಮೇಲ್ಮೈ ಬಿಟ್ಟು ಎದ್ದುಬಿಡತ್ತೆ, ಅದೃಷ್ಟ ಇದ್ರೆ ಟರ್ಬ್ಯುಲೆಂಟ್ (ಕದಡಿದ್ದು) ಆಗಿ ವಾಪಸ್ ಅಂಟ್ಕೊಳ್ಳತ್ತೆ, ನಡುವೆ ಒಂದು ಬಬಲ್. ಅಂಟ್ಕೊಳ್ಳಲಿಲ್ಲ ಅಂದ್ರೆ ಲಿಫ್ಟ್ ಹೋಯ್ತು. 1 ಲಕ್ಷದ ಕೆಳಗೆ ಇದು ದೊಡ್ಡ ತಲೆನೋವು. 50-70 ಸಾವಿರದ ಕೆಳಗೆ ಹೋದ್ರೆ ದಪ್ಪ ಶೇಪ್‌ಗಿಂತ ಸುಮ್ನೆ ಬಾಗಿಸಿದ ತೆಳು ಪ್ಲೇಟೇ ಚೆನ್ನಾಗಿ ಕೆಲಸ ಮಾಡತ್ತೆ, ಆ ಸೈಜಲ್ಲಿ ನಾನು ಹೇಳಿದ ದಪ್ಪದ ಮಾತು ನಡೆಯಲ್ಲ.

ವಿಮಾನದ ಇತಿಹಾಸದಲ್ಲೂ ಇದೇ ಗೊಂದಲ ಆಗಿದೆ. ಶುರುವಿನ ವಿಂಡ್ ಟನಲ್‌ಗಳು ಚಿಕ್ಕವು, ವೇಗ ಕಮ್ಮಿ, ಅಲ್ಲಿ ತೆಳು ಬಾಗಿದ ಶೇಪ್‌ಗಳೇ ಗೆಲ್ತಿದ್ವು, ಹಾಗಾಗಿ ನಿಜವಾದ ವಿಮಾನಕ್ಕೂ ತೆಳು ರೆಕ್ಕೆನೇ ಹಾಕಿ ಅದು ಮುರೀದೆ ಇರ್ಲಿ ಅಂತ ಸುತ್ತ ತಂತಿ, ಕಂಬ ಕಟ್ತಿದ್ರು. 1915ರಲ್ಲಿ ಯುಂಕರ್ಸ್ ತಮ್ಮ ಜೆ 1ರಲ್ಲಿ ತಂತಿ ಇಲ್ಲದ ದಪ್ಪ ಲೋಹದ ರೆಕ್ಕೆ ಹಾಕಿದ್ರು. 1917ರ ಫೋಕರ್ ಡಿಆರ್ 1ಕ್ಕೆ ಗಾಟಿಂಗೆನ್ ಸರಣಿಯ ಸುಮಾರು 13 ಪರ್ಸೆಂಟ್ ದಪ್ಪದ ಶೇಪ್ ಬಂತು. ದಪ್ಪ ರೆಕ್ಕೆ ಸ್ಟಾಲ್ ಆಗೋದೂ ತಡ, ಒಳಗೆ ಸ್ಪಾರ್‌ಗೆ (ರೆಕ್ಕೆಯ ಉದ್ದಕ್ಕೂ ಭಾರ ಹೊರೋ ತೊಲೆ) ಜಾಗನೂ ಇದೆ, ಹೊರಗಿನ ತಂತಿಗಳ ಡ್ರ್ಯಾಗೂ (ಗಾಳಿ ಹಿಂದಕ್ಕೆ ಎಳೆಯೋ ಫೋರ್ಸ್) ಹೋಯ್ತು.

ದಪ್ಪ ಎಷ್ಟಿರ್ಬೇಕು

ನಾಕಾ (ಅಮೆರಿಕದ ಹಳೇ ವಿಮಾನ ಸಂಶೋಧನಾ ಸಂಸ್ಥೆ) ನಾಲ್ಕು ಅಂಕಿಯ ಶೇಪ್‌ಗಳಲ್ಲಿ ಗರಿಷ್ಠ ಲಿಫ್ಟ್ ಬರೋದು ದಪ್ಪ ಕಾರ್ಡಿನ 12-13 ಪರ್ಸೆಂಟ್ ಆಸುಪಾಸಲ್ಲಿ. ಅದಕ್ಕಿಂತ ತೆಳು ಮಾಡಿದ್ರೆ ಮುಂದಿನ ಮೂಗು ಚೂಪಾಗಿ, ಆಂಗಲ್ (ಗಾಳಿಗೆ ರೆಕ್ಕೆಯ ಓರೆ) ಏರಿಸಿದಾಗ ಗಾಳಿ ಅಲ್ಲಿ ತಿರುವು ತಗೊಳ್ಳೋಕೆ ಆಗದೆ ಒಂದೇ ಸಲ ಸ್ಟಾಲ್ ಆಗತ್ತೆ. ತುಂಬಾ ದಪ್ಪ ಮಾಡಿದ್ರೆ ಹಿಂದಿನಿಂದ ನಿಧಾನಕ್ಕೆ ಗಾಳಿ ಬಿಡ್ತಾ ಬರತ್ತೆ, ಸ್ಟಾಲ್ ಮೃದು, ಆದ್ರೆ ಲಿಫ್ಟ್ ಕಮ್ಮಿ, ಡ್ರ್ಯಾಗ್ ಜಾಸ್ತಿ.

ಈಗ ಗಟ್ಟಿತನ ನೋಡಿ. ನಮ್ಮ ವಿಮಾನ 5 ಜಿ, ಅಂದ್ರೆ ತನ್ನ ತೂಕದ ಐದು ಪಟ್ಟು ಲೋಡ್, ತಡ್ಕೋಬೇಕು ಅಂತ ಇಟ್ಕೊಳ್ಳಿ. ಒಟ್ಟು ಲಿಫ್ಟ್ 196 ನ್ಯೂಟನ್, ಒಂದು ಕಡೆ ರೆಕ್ಕೆಗೆ 98. ಲೋಡ್ ಎಲಿಪ್ಸ್ ಆಕಾರದಲ್ಲಿ ಹರಡಿದ್ರೆ ಅದು ಸೇರೋ ಬಿಂದು ರೂಟ್‌ನಿಂದ (ರೆಕ್ಕೆಯ ಬುಡದಿಂದ) ಅರ್ಧ ಸ್ಪ್ಯಾನಿನ 42 ಪರ್ಸೆಂಟ್ ದೂರದಲ್ಲಿ, ಅಂದ್ರೆ 0.424 ಮೀಟರ್. ರೂಟ್‌ನಲ್ಲಿ ಬೆಂಡಿಂಗ್ ಮೊಮೆಂಟ್ (ಬಾಗಿಸೋ ಬಲ, ಫೋರ್ಸ್ ಗುಣಿಸು ದೂರ) ಹತ್ರ ಹತ್ರ 42 ನ್ಯೂಟನ್ ಮೀಟರ್. ಇದನ್ನ ತಡೆಯೋದು ಸ್ಪಾರಿನ ಮೇಲಿನ ಪಟ್ಟಿ ಮತ್ತೆ ಕೆಳಗಿನ ಪಟ್ಟಿ, ಒಂದು ಒತ್ತಿಸ್ಕೊಳ್ಳತ್ತೆ, ಇನ್ನೊಂದು ಎಳೆಸ್ಕೊಳ್ಳತ್ತೆ. 12 ಪರ್ಸೆಂಟ್ ದಪ್ಪದಲ್ಲಿ ರೆಕ್ಕೆ 30 ಮಿಮೀ, ಪಟ್ಟಿಗಳ ನಡುವೆ 25 ಮಿಮೀ ಸಿಗತ್ತೆ, ಆಗ ಪ್ರತಿ ಪಟ್ಟಿ ಮೇಲೆ 1660 ನ್ಯೂಟನ್. 9 ಪರ್ಸೆಂಟ್ ಮಾಡಿದ್ರೆ ನಡುವೆ 18 ಮಿಮೀ ಸಿಕ್ಕಿ ಫೋರ್ಸ್ 2300 ದಾಟತ್ತೆ. 15 ಪರ್ಸೆಂಟಿಗೆ 1300ಕ್ಕೆ ಇಳಿಯತ್ತೆ. ಬಾಗೋ ಲೆಕ್ಕ ಇನ್ನೂ ಜೋರು, ಅದು ಆ ಅಂತರದ ವರ್ಗದಲ್ಲಿ ಹೋಗತ್ತೆ, ಅದೇ ಪಟ್ಟಿ ಹಾಕಿದ್ರೂ 9 ಪರ್ಸೆಂಟ್ ರೆಕ್ಕೆ 12ಕ್ಕಿಂತ ಎರಡರಷ್ಟು ಬಾಗತ್ತೆ. ಸ್ಪಾರ್ ಇಲ್ಲದೆ ಪೂರ್ತಿ ಮರ ಕೆತ್ತಿದ ಬ್ಲೇಡ್ ಆದ್ರೆ ಸ್ಟಿಫ್‌ನೆಸ್ ದಪ್ಪದ ಘನದಲ್ಲಿ ಏರತ್ತೆ, 12ರಿಂದ 15ಕ್ಕೆ ಹೋದ್ರೆ ಸಾಕು, ಡಬಲ್.

ಹಾಗಾಗಿ ನನ್ನ ಸಲಹೆ: ರೆನಾಲ್ಡ್ಸ್ ಒಂದೂವರೆ ಲಕ್ಷದ ಮೇಲಿದ್ರೆ 12 ಪರ್ಸೆಂಟ್ ದಪ್ಪದಿಂದ ಶುರು ಮಾಡಿ, ರೂಟ್‌ನಲ್ಲಿ 14-15ರವರೆಗೆ ಧೈರ್ಯವಾಗಿ ಹೋಗಿ, ತುದಿಗೆ 11-12.

ಕ್ಯಾಂಬರ್, ಅಂದ್ರೆ ಬಾಗು

ಒಂದು ಪರ್ಸೆಂಟ್ ಕ್ಯಾಂಬರ್ ಸೇರಿಸಿದ್ರೆ ಲಿಫ್ಟ್ ಸೊನ್ನೆ ಆಗೋ ಆಂಗಲ್ ಹೆಚ್ಚುಕಮ್ಮಿ ಒಂದು ಡಿಗ್ರಿ ಕೆಳಗೆ ಹೋಗತ್ತೆ. ನಾಕಾ 2412 ಅಂದ್ರೆ 2 ಪರ್ಸೆಂಟ್ ಕ್ಯಾಂಬರ್, ಅದು ಕಾರ್ಡಿನ 40 ಪರ್ಸೆಂಟಲ್ಲಿ, ದಪ್ಪ 12, ಅದಕ್ಕೆ ಸೊನ್ನೆ ಲಿಫ್ಟ್ ಸುಮಾರು ಮೈನಸ್ 2 ಡಿಗ್ರಿ. 4412ಕ್ಕೆ ಮೈನಸ್ 4. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೆ ಲಿಫ್ಟ್ ಕೋಎಫಿಶಿಯೆಂಟ್ ಏರೋದು ಥಿಯರಿ ಪ್ರಕಾರ 0.11, ಆದ್ರೆ ಅದು ಕೊನೆಯಿಲ್ಲದ ಉದ್ದದ ರೆಕ್ಕೆಗೆ. ಆಸ್ಪೆಕ್ಟ್ ರೇಶಿಯೋ 8 ಇರೋ ನಮ್ಮ ರೆಕ್ಕೆಗೆ 0.088 ಅಂತ ಹಿಡೀರಿ.

ತುಂಬಾ ಲಿಫ್ಟ್ ಬೇಕು ಅನ್ನೋರೆಲ್ಲ ಕೊನೆಗೆ ಬಂದು ನಿಲ್ಲೋದು ಸೆಲಿಗ್ 1223 ಹತ್ರ. 2 ಲಕ್ಷ ರೆನಾಲ್ಡ್ಸ್‌ನಲ್ಲೇ 2.2ರ ಹತ್ರ ಲಿಫ್ಟ್ ಕೊಡೋ ಶೇಪ್ ಅದು, ಒಪ್ಪಲೇಬೇಕು. ಆದ್ರೆ ಅದರ ಹಿಂಭಾಗ ಕೊಕ್ಕೆ ಥರ ಕೆಳಕ್ಕೆ ಬಾಗಿ ಪೇಪರಷ್ಟು ತೆಳು ಆಗಿಬಿಡತ್ತೆ, ಕಟ್ ಮಾಡೋದೂ ಕಷ್ಟ, ನೇರ ಉಳಿಸೋದೂ ಕಷ್ಟ. ಅದಕ್ಕಿಂತ ಮುಖ್ಯ, ಲೋಡ್ ಹಿಂದಕ್ಕೆ ಬೀಳೋದ್ರಿಂದ ಮೂಗು ಕೆಳಗೆ ತಿರುಗಿಸೋ ಮೊಮೆಂಟ್ ನಾಕಾ 2412ಕ್ಕಿಂತ ಹಲವು ಪಟ್ಟು. ಅದು ರೆಕ್ಕೆಯನ್ನ ತಿರುಚತ್ತೆ, ತಿರುಚಿದ ತುದಿ ಆಂಗಲ್ ಕಳ್ಕೊಂಡು ಲಿಫ್ಟ್ ಬಿಡತ್ತೆ, ಇನ್ನು ವಿಮಾನ ಸಮವಾಗಿ ನಿಲ್ಲೋಕೆ ಬಾಲ ಕೆಳಕ್ಕೆ ಒತ್ತಬೇಕು, ಅಂದ್ರೆ ರೆಕ್ಕೆ ಗಳಿಸಿದ ಲಿಫ್ಟಲ್ಲಿ ಸ್ವಲ್ಪ ಬಾಲ ತಿಂದುಬಿಡತ್ತೆ. ಮೊದಲ ಡಿಸೈನ್‌ಗೆ ನಾನಂತೂ 4412 ಅಥವಾ ಕ್ಲಾರ್ಕ್ ವೈ ಅಂತೀನಿ. ಕ್ಲಾರ್ಕ್ ವೈ 1922ರದ್ದು, ದಪ್ಪ 11.7 ಪರ್ಸೆಂಟ್, ಕೆಳಭಾಗ ಹೆಚ್ಚುಕಮ್ಮಿ ಚಪ್ಪಟೆ ಇರೋದ್ರಿಂದ ಟೇಬಲ್ ಮೇಲೆ ಇಟ್ಟು ನೇರ ಕಟ್ಟಬಹುದು. ನೇರವಾಗಿ ಕಟ್ಟಿದ ಸಾಧಾರಣ ಶೇಪ್ ಸೊಟ್ಟಗೆ ಕಟ್ಟಿದ ಸೂಪರ್ ಶೇಪ್‌ನ ಸೋಲಿಸತ್ತೆ.

ಸಾಫ್ಟ್‌ವೇರ್‌ನಲ್ಲಿ ಚೆಕ್ ಮಾಡೋದು

ಎಕ್ಸ್‌ಫಾಯ್ಲ್ ಸಾಕು. ಎಂಐಟಿಯ ಮಾರ್ಕ್ ಡ್ರೆಲಾ 1986ರಲ್ಲಿ ಬರೆದಿದ್ದು, ಫ್ರೀ, ನೋಡೋಕೆ ಹಳೇ ಕಾಲದ್ದು, ಆದ್ರೂ ಈ ಸೈಜಿನ ಕೆಲಸಕ್ಕೆ ಇವತ್ತಿಗೂ ಅದೇ. ಬಟನ್ ಬೇಕು ಅಂದ್ರೆ ಎಕ್ಸ್‌ಎಫ್‌ಎಲ್‌ಆರ್ 5, ಟರ್ಬೈನ್‌ಗೆ ಕ್ಯೂಬ್ಲೇಡ್. ಶೇಪ್ ಲೋಡ್ ಮಾಡಿ, ಪ್ಯಾನೆಲ್ ಮರುಹಂಚಿ, ವಿಸ್ಕಸ್ ಮೋಡ್ ಆನ್ ಮಾಡಿ ನಿಮ್ಮ ರೆನಾಲ್ಡ್ಸ್ ಹಾಕಿ, ಇಟರೇಶನ್ 100ಕ್ಕೆ ಏರಿಸಿ, ಮೈನಸ್ 4ರಿಂದ 16 ಡಿಗ್ರಿವರೆಗೆ ಅರ್ಧರ್ಧ ಡಿಗ್ರಿ ಓಡ್ಸಿ. ಎನ್‌ಕ್ರಿಟ್ ಅನ್ನೋ ನಂಬರ್ (ಗಾಳಿ ಎಷ್ಟು ಬೇಗ ಟರ್ಬ್ಯುಲೆಂಟ್ ಆಗತ್ತೆ ಅನ್ನೋದಕ್ಕೆ) 9 ಇರತ್ತೆ, ಅದು ಸಾಧಾರಣ ವಿಂಡ್ ಟನಲ್‌ನ ಗಾಳಿಗೆ. ಹೊರಗಿನ ಕದಡಿದ ಗಾಳಿ, ಕೊಳೆ ಹಿಡಿದ ಬ್ಲೇಡ್ ಅಂದ್ರೆ 5 ಹಾಕಿ ಇನ್ನೊಂದ್ಸಲ ಓಡ್ಸಿ. ಎರಡರ ನಡುವೆ ರಿಸಲ್ಟ್ ತುಂಬಾ ಬದಲಾದ್ರೆ ಆ ಶೇಪ್ ನಾಜೂಕು, ಬಿಡಿ.

ಒಂದು ವಿಷಯ ಮಾತ್ರ ಮರೀಬೇಡಿ, ಸ್ಟಾಲ್ ಹತ್ರ ಎಕ್ಸ್‌ಫಾಯ್ಲ್ ಲಿಫ್ಟನ್ನ ಜಾಸ್ತಿನೇ ತೋರಿಸತ್ತೆ. 10 ಪರ್ಸೆಂಟ್ ಕಳೀರಿ, ಆಮೇಲೆ ಪೂರ್ತಿ ರೆಕ್ಕೆಗೆ ಇನ್ನೊಂದು 10 ಕಳೀರಿ, ಅದಕ್ಕೆ ಡಿಸೈನ್ ಮಾಡಿ. ಗರಿಷ್ಠ ನಂಬರ್‌ಗಿಂತ ಕರ್ವ್ ತುದಿ ಹೇಗಿದೆ ಅಂತ ನೋಡಿ. ದುಂಡಗೆ ಬಾಗಿದ್ರೆ ಒಳ್ಳೇದು, ಬೆಟ್ಟದಿಂದ ಬಿದ್ದ ಹಾಗೆ ಇದ್ರೆ ಬೇಡ.

ರೆಕ್ಕೆಯ ಪ್ಲಾನ್ ಮತ್ತೆ ಸ್ಪಾರ್

ಉದ್ದನೆಯ, ಅಗಲ ಕಮ್ಮಿ ಇರೋ ರೆಕ್ಕೆ ಚೆಂದ, ಇಂಡ್ಯೂಸ್ಡ್ ಡ್ರ್ಯಾಗ್ (ಲಿಫ್ಟ್ ಹುಟ್ಟಿಸೋದ್ರಿಂದಲೇ ಬರೋ ಡ್ರ್ಯಾಗ್) ಆಸ್ಪೆಕ್ಟ್ ರೇಶಿಯೋ ಡಬಲ್ ಆದ್ರೆ ಅರ್ಧ ಆಗತ್ತೆ. ಬೆಲೆ ಏನು? ಏರಿಯಾ ಅಷ್ಟೇ ಇಟ್ಟು ರೇಶಿಯೋ ಡಬಲ್ ಮಾಡಿದ್ರೆ ಸ್ಪ್ಯಾನ್ 1.41 ಪಟ್ಟು, ಕಾರ್ಡ್ 0.71, ದಪ್ಪನೂ 0.71, ಸ್ಪಾರ್ ಪಟ್ಟಿ ಮೇಲೆ ಫೋರ್ಸ್ ಎರಡು ಪಟ್ಟು, ಅದೇ ಪಟ್ಟಿ ಇಟ್ರೆ ತುದಿ ಬಾಗೋದು ಐದೂವರೆ ಪಟ್ಟಿಗೂ ಜಾಸ್ತಿ. ರೆನಾಲ್ಡ್ಸ್ ಕೂಡ ಇಳಿಯತ್ತೆ. ಸಣ್ಣ ವಿಮಾನಕ್ಕೆ ಆಸ್ಪೆಕ್ಟ್ ರೇಶಿಯೋ 7-9 ಸಾಕು.

ಟೇಪರ್ ಕೊಡೋದಾದ್ರೆ, ಅಂದ್ರೆ ತುದಿಗೆ ಹೋಗ್ತಾ ಕಾರ್ಡ್ ಕಮ್ಮಿ ಮಾಡೋದಾದ್ರೆ, ತುದಿ ಕಾರ್ಡ್ ರೂಟಿನ 0.4-0.5ಕ್ಕಿಂತ ಕಮ್ಮಿ ಬೇಡ. ತುದಿ ತುಂಬಾ ಚಿಕ್ಕದಾದ್ರೆ ಅಲ್ಲಿ ಮೊದಲು ಸ್ಟಾಲ್ ಆಗಿ ಒಂದು ಕಡೆಗೆ ಉರುಳತ್ತೆ. 2-3 ಡಿಗ್ರಿ ವಾಶೌಟ್, ಅಂದ್ರೆ ತುದಿಯ ಆಂಗಲ್ ರೂಟ್‌ಗಿಂತ ಕಮ್ಮಿ ಇರೋ ಹಾಗೆ ತಿರುವು ಕೊಡಿ. ವಿಂಗ್‌ಲೆಟ್ (ತುದಿಯಲ್ಲಿ ಮೇಲಕ್ಕೆ ನಿಲ್ಲಿಸೋ ಸಣ್ಣ ರೆಕ್ಕೆ) ಬಗ್ಗೆ ಈ ಸೈಜಲ್ಲಿ ತಲೆ ಕೆಡಿಸ್ಕೋಬೇಡಿ, ಅಷ್ಟೇ ಉದ್ದ ಸ್ಪ್ಯಾನಿಗೆ ಸೇರಿಸಿದ್ರೆ ಸಾಮಾನ್ಯವಾಗಿ ಜಾಸ್ತಿ ಲಾಭ.

ಸ್ಪಾರನ್ನ ರೆಕ್ಕೆ ಅತಿ ದಪ್ಪ ಇರೋ ಜಾಗದಲ್ಲೇ ಇಡಿ, ಕಾರ್ಡಿನ 25-35 ಪರ್ಸೆಂಟ್. ಮೇಲಿನ ಲೆಕ್ಕದ 1660 ನ್ಯೂಟನ್‌ಗೆ 6×1 ಮಿಮೀ ಕಾರ್ಬನ್ ಪಟ್ಟಿ ಹಾಕಿದ್ರೆ ಸ್ಟ್ರೆಸ್ 280 ಮೆಗಾಪಾಸ್ಕಲ್ ಆಸುಪಾಸು, ಮೆಟೀರಿಯಲ್‌ಗೆ ಅದು ಆರಾಮ. ಆದ್ರೆ ತೆಳು ಪಟ್ಟಿ ಒತ್ತಡಕ್ಕೆ ಮುರಿಯೋದಕ್ಕಿಂತ ಮುಂಚೆ ಬಾಗಿ ಪುಟಿಯತ್ತೆ, ಅದನ್ನ ಹಿಡ್ಕೊಳ್ಳೋಕೆ ಎರಡು ಪಟ್ಟಿಗಳ ನಡುವೆ ಶಿಯರ್ ವೆಬ್ (ಎರಡನ್ನೂ ಜೋಡಿಸೋ ನಿಂತ ಗೋಡೆ) ಬೇಕೇ ಬೇಕು. ವೆಬ್ ಬಾಲ್ಸಾ (ಹಗುರ ಮರ) ಆದ್ರೆ ಅದರ ಎಳೆ ನಿಂತಿರ್ಬೇಕು, ಮಲಗಿರಬಾರದು. ಪಟ್ಟಿಯನ್ನ ತುದಿವರೆಗೂ ಒಂದೇ ಅಗಲ ಇಡೋದು ವೇಸ್ಟ್, ಮೊಮೆಂಟ್ ತುದಿಗೆ ಸೊನ್ನೆ, ಸಣ್ಣ ಮಾಡ್ತಾ ಹೋಗಿ.

ತಿರುಚೋದನ್ನ ತಡೆಯೋದು ಸ್ಪಾರ್ ಅಲ್ಲ, ಮುಚ್ಚಿದ ಪೆಟ್ಟಿಗೆ. ಸ್ಪಾರ್‌ನಿಂದ ಮೂಗಿನವರೆಗೆ ಮೇಲೆ ಕೆಳಗೆ ಶೀಟ್ ಹಾಕಿ ಡಿ ಆಕಾರದ ಪೆಟ್ಟಿಗೆ ಮಾಡಿ, ಫೈಬರ್ ಬಟ್ಟೆ ಹಾಕೋರು 45 ಡಿಗ್ರಿ ಓರೆಯಾಗಿ ಹಾಕಿ. ಆ ಪೆಟ್ಟಿಗೆಯಲ್ಲಿ ಉದ್ದಕ್ಕೂ ಒಂದು ಸೀಳು ಬಿಟ್ರೂ ತಿರುಚು ಶಕ್ತಿ ಬಹುತೇಕ ಹೋಯ್ತು ಅಂತಲೇ. ಫ್ಲಟರ್ (ಗಾಳಿಯಲ್ಲಿ ರೆಕ್ಕೆ ತಾನೇ ಜೋರಾಗಿ ನಡುಗೋದು) ಬರೋದೂ ಇಲ್ಲಿಂದಲೇ, ಅದಕ್ಕೆ ರೆಕ್ಕೆಯ ತೂಕ ಆದಷ್ಟು ಮುಂದಕ್ಕಿರ್ಲಿ, ಏಲೆರಾನ್ (ವಿಮಾನ ವಾಲಿಸೋ ಹಿಂದಿನ ಅಂಚಿನ ಹಲಗೆ) ಲಿಂಕ್ ಅಲುಗಾಡಬಾರದು.

ಕಮ್ಮಿ ಖರ್ಚಿನ ಎಕ್ಸ್‌ಟ್ರಾ ಲಿಫ್ಟ್

ಗರ್ನಿ ಫ್ಲ್ಯಾಪ್ ನನಗೆ ತುಂಬಾ ಇಷ್ಟ. ರೇಸ್ ಕಾರ್ ಡ್ರೈವರ್ ಡ್ಯಾನ್ ಗರ್ನಿ 1971ರಲ್ಲಿ ಕಾರಿನ ತಲೆಕೆಳಗಾದ ರೆಕ್ಕೆಗೆ ಹಾಕಿದ್ದು. ಹಿಂದಿನ ಅಂಚಲ್ಲಿ, ಪ್ರೆಶರ್ ಕಡೆಗೆ, ಕಾರ್ಡಿನ 1 ಪರ್ಸೆಂಟ್ ಎತ್ತರದ ಪಟ್ಟಿ ನೇರ ನಿಲ್ಸಿದ್ರೆ ಆಯ್ತು, ನಮ್ಮ ರೆಕ್ಕೆಗೆ ಎರಡೂವರೆ ಮಿಮೀ. ಲಿಫ್ಟ್ ಏರತ್ತೆ, ತೆಳು ಅಂಚೂ ಗಟ್ಟಿ ಆಗತ್ತೆ. 2 ಪರ್ಸೆಂಟ್ ದಾಟಿದ್ರೆ ಡ್ರ್ಯಾಗ್ ಕಾಟ.

ಬಬಲ್ ಸಮಸ್ಯೆ ಇದ್ರೆ ಮೇಲ್ಮೈಯಲ್ಲಿ, ಬಬಲ್ ಶುರುವಾಗೋ ಜಾಗಕ್ಕಿಂತ ಸ್ವಲ್ಪ ಮುಂದೆ ಅಂಕುಡೊಂಕು ಟೇಪ್ ಅಂಟ್ಸಿ. ಸ್ಲಾಟೆಡ್ ಫ್ಲ್ಯಾಪ್ (ರೆಕ್ಕೆಯಿಂದ ಸಂದು ಬಿಟ್ಟು ಕೆಳಕ್ಕೆ ಬಾಗೋ ಹಿಂದಿನ ಹಲಗೆ) ಹಾಕಿದ್ರೆ ಲಿಫ್ಟ್ ಇನ್ನೂ ದೊಡ್ಡದು, ಸಂದು ಕಾರ್ಡಿನ 1-2 ಪರ್ಸೆಂಟ್ ಇರ್ಲಿ, ಆದ್ರೆ ಹಿಂಜ್ ಲೋಡೂ ತಿರುಚೂ ಜಾಸ್ತಿ ಆಗತ್ತೆ. ತಿಮಿಂಗಿಲದ ಈಜುರೆಕ್ಕೆ ಥರ ಮುಂದಿನ ಅಂಚಲ್ಲಿ ಉಬ್ಬು ಮಾಡೋದೂ ಇದೆ, 2004ರ ಟನಲ್ ಟೆಸ್ಟಲ್ಲಿ ಸ್ಟಾಲ್ ಆಂಗಲ್ 40 ಪರ್ಸೆಂಟ್ ಮುಂದೆ ಹೋಗಿತ್ತು, ಆದ್ರೆ ಅದು ಆ ಈಜುರೆಕ್ಕೆಯದೇ ಮಾಡೆಲ್. ಎಲ್ಲಾ ರೆಕ್ಕೆಗೂ ಹಾಗೇ ಆಗತ್ತೆ ಅಂತ ನಂಬಿ ಕೂರಬೇಡಿ.

ಬ್ಲೇಡ್ ಮಾಡೋದಾದ್ರೆ

ಬ್ಲೇಡ್ ಅಂದ್ರೂ ರೆಕ್ಕೆನೇ, ಆದ್ರೆ ಪ್ರತಿ ಇಂಚಿಗೂ ವೇಗ ಬೇರೆ, ಗಾಳಿ ಬರೋ ಆಂಗಲ್ ಬೇರೆ. 1 ಮೀಟರ್ ರೇಡಿಯಸ್, ಮೂರು ಬ್ಲೇಡ್, ಟಿಪ್ ಸ್ಪೀಡ್ ರೇಶಿಯೋ (ತುದಿಯ ವೇಗ ಗಾಳಿಯ ವೇಗದ ಎಷ್ಟು ಪಟ್ಟು ಅನ್ನೋದು) 6 ಅಂತ ಇಟ್ಕೊಳ್ಳಿ. ಪ್ರತಿ ಜಾಗದ ಲೋಕಲ್ ರೇಶಿಯೋ ಅಂದ್ರೆ 6 ಗುಣಿಸು ಆ ಜಾಗದ ರೇಡಿಯಸ್. ಒಂದನ್ನ ಅದರಿಂದ ಭಾಗಿಸಿ, ಆರ್ಕ್‌ಟ್ಯಾನ್ ತಗೊಂಡು, ಮೂರನೇ ಎರಡು ಭಾಗ ಮಾಡಿದ್ರೆ ಗಾಳಿಯ ಆಂಗಲ್. ಕಾರ್ಡ್ ಬೇಕಂದ್ರೆ 8 ಗುಣಿಸು ಪೈ ಗುಣಿಸು ರೇಡಿಯಸ್, ಅದನ್ನ ಬ್ಲೇಡ್ ಸಂಖ್ಯೆ ಮತ್ತೆ ಲಿಫ್ಟ್ ಕೋಎಫಿಶಿಯೆಂಟ್‌ನ ಗುಣಲಬ್ಧದಿಂದ ಭಾಗಿಸಿ, ಒಂದು ಮೈನಸ್ ಆ ಆಂಗಲಿನ ಕೊಸೈನ್‌ನಿಂದ ಗುಣಿಸಿ.

ಕೋಎಫಿಶಿಯೆಂಟ್ 1.0, ಕೆಲಸದ ಆಂಗಲ್ 5 ಡಿಗ್ರಿ ಅಂತ ಹಿಡಿದ್ರೆ ತುದಿಯಲ್ಲಿ ಕಾರ್ಡ್ 51 ಮಿಮೀ, ತಿರುವು (ಗಾಳಿಯ ಆಂಗಲಲ್ಲಿ ಕೆಲಸದ ಆಂಗಲ್ ಕಳೆದದ್ದು) 1.3 ಡಿಗ್ರಿ. ಮಧ್ಯದಲ್ಲಿ 96 ಮಿಮೀ, 7.3 ಡಿಗ್ರಿ. ಕಾಲು ಮೀಟರಲ್ಲಿ 159 ಮಿಮೀ, 17.5 ಡಿಗ್ರಿ. ಇಲ್ಲಿ ಗಮನಿಸಿ, ಜಾಸ್ತಿ ಲಿಫ್ಟ್ ಕೊಡೋ ಶೇಪ್ ಹಾಕಿದ್ರೆ ಬ್ಲೇಡಿನ ಅಗಲ ಕಮ್ಮಿ ಆಗತ್ತೆ ಅಷ್ಟೇ, ಪವರ್ ತಾನಾಗೇ ಏರಲ್ಲ. 1920ರ ಬೆಟ್ಜ್ ಲಿಮಿಟ್ (ಗಾಳಿಯ ಶಕ್ತಿಯಲ್ಲಿ ಟರ್ಬೈನ್ ತಗೋಬಹುದಾದ ಗರಿಷ್ಠ ಪಾಲು) 59.3 ಪರ್ಸೆಂಟನ್ನ ಯಾವ ಏರ್‌ಫಾಯ್ಲೂ ದಾಟಿಸಲ್ಲ. ಕಿರಿದಾದ ಬ್ಲೇಡ್ ತೆಳುವೂ ಆಗತ್ತೆ, ದುರ್ಬಲನೂ ಆಗತ್ತೆ. ಬ್ಲೇಡಿಗೆ ಮುಖ್ಯ ಲಿಫ್ಟ್ ಮತ್ತೆ ಡ್ರ್ಯಾಗಿನ ಅನುಪಾತ, ಮುಂದಿನ ಅಂಚಿಗೆ ಧೂಳು ಹಿಡಿದ್ರೂ ಲಿಫ್ಟ್ ಬಿಡದ ಗುಣ.

ದಪ್ಪ ಇಲ್ಲಿ ಇನ್ನೂ ಧಾರಾಳ ಮಾಡಿ. ರೂಟ್ ಹತ್ರ ಲಿಫ್ಟ್ ಕೊಡುಗೆ ಕಮ್ಮಿ, ಲೋಡ್ ಮಾತ್ರ ಜಾಸ್ತಿ, ಹಾಗಾಗಿ 25 ಪರ್ಸೆಂಟ್, ಅಂದ್ರೆ 40 ಮಿಮೀ ದಪ್ಪ. ಮಧ್ಯದಲ್ಲಿ 15 ಪರ್ಸೆಂಟ್, ತುದಿಗೆ 12. ದೊಡ್ಡ ಟರ್ಬೈನ್‌ಗಳಲ್ಲಿ ರೂಟ್ ಕಡೆ 30-40 ಪರ್ಸೆಂಟ್ ದಪ್ಪ ಇರೋದೂ ಇದೇ ಕಾರಣಕ್ಕೆ.

ಸೆಕೆಂಡಿಗೆ 10 ಮೀಟರ್ ಗಾಳಿಯಲ್ಲಿ ತುದಿ ವೇಗ 60 ಮೀಟರ್, ನಿಮಿಷಕ್ಕೆ 573 ಸುತ್ತು. ಗಾಳಿಯ ತಳ್ಳು ಒಟ್ಟು 170 ನ್ಯೂಟನ್, ಒಂದೊಂದು ಬ್ಲೇಡಿನ ರೂಟಿಗೆ 38 ನ್ಯೂಟನ್ ಮೀಟರ್ ಮೊಮೆಂಟ್. ಬ್ಲೇಡ್ ಅರ್ಧ ಕೆಜಿ ಇದ್ದು ಅದರ ಭಾರಕೇಂದ್ರ 0.4 ಮೀಟರಲ್ಲಿದ್ರೆ ಹೊರಗೆ ಎಳೆಯೋ ಫೋರ್ಸ್ 720 ನ್ಯೂಟನ್, ಒಬ್ಬ ಆಳು ನೇತಾಡಿದಷ್ಟು. ಸ್ಪೀಡ್ ಡಬಲ್ ಆದ್ರೆ ನಾಲ್ಕು ಪಟ್ಟು, 2880. ಬೋಲ್ಟ್‌ಗಳನ್ನ ಈ ಎರಡನೇ ನಂಬರ್‌ಗೆ ಡಿಸೈನ್ ಮಾಡಿ, ಜೊತೆಗೆ ಬ್ರೇಕ್ ಅಥವಾ ಫರ್ಲಿಂಗ್ (ಜೋರು ಗಾಳಿಯಲ್ಲಿ ಟರ್ಬೈನ್ ಪಕ್ಕಕ್ಕೆ ತಿರುಗಿಕೊಳ್ಳೋ ಏರ್ಪಾಡು) ಇಲ್ಲದೆ ಟರ್ಬೈನ್ ಮೇಲೆ ಏರಿಸಬೇಡಿ.

ಟೆಸ್ಟ್

ರೆಕ್ಕೆಯನ್ನ ತಲೆಕೆಳಗು ಮಾಡಿ ಮಧ್ಯದಲ್ಲಿ ಹಿಡಿದು, ಒಂದೊಂದು ಕಡೆ 10 ಕೆಜಿ ಮರಳು ಚೀಲ ಹಂಚಿ, ರೂಟ್ ಕಡೆ ಜಾಸ್ತಿ, ತುದಿಗೆ ಕಮ್ಮಿ. ಇದು 5 ಜಿ. ತೆಗೆದ ಮೇಲೆ ಪೂರ್ತಿ ವಾಪಸ್ ಬರಬೇಕು. ಆಮೇಲೆ 15 ಕೆಜಿ, ಇದಕ್ಕೆ ಮುರಿಯಬಾರದು. ಚೀಲಗಳನ್ನ ಒಂದ್ಸಲ ಕಾರ್ಡಿನ ಹಿಂದಿನ ಅರ್ಧಕ್ಕೆ ಸರಿಸಿ, ತುದಿ ಎಷ್ಟು ತಿರುಚತ್ತೆ ಅಂತ ನೋಡಿ, ಒಂದೆರಡು ಡಿಗ್ರಿ ದಾಟಿದ್ರೆ ಪೆಟ್ಟಿಗೆಗೆ ಇನ್ನೊಂದು ಲೇಯರ್ ಬೇಕು. ಹಾರಿಸುವಾಗ ಮೇಲ್ಮೈಗೆ ಉಣ್ಣೆ ದಾರದ ತುಂಡು ಅಂಟ್ಸಿ ಕ್ಯಾಮೆರಾ ಇಡಿ, ದಾರ ಒದ್ದಾಡೋಕೆ ಶುರು ಮಾಡೋ ಜಾಗವೇ ಸ್ಟಾಲ್ ಶುರುವಾಗೋ ಜಾಗ, ಅದು ರೂಟಲ್ಲಿ ಶುರುವಾಗ್ಬೇಕು, ತುದಿಯಲ್ಲಲ್ಲ.

ಬ್ಲೇಡ್‌ಗಳಿಗೆ ಬ್ಯಾಲೆನ್ಸ್. ಮೂರರ ತೂಕ ಒಂದೇ ಇದ್ರೆ ಸಾಲದು, ಭಾರಕೇಂದ್ರವೂ ಒಂದೇ ಜಾಗದಲ್ಲಿರ್ಬೇಕು. ತುದಿಯಲ್ಲಿ 5 ಗ್ರಾಂ ವ್ಯತ್ಯಾಸ ಇದ್ರೂ 573 ಸುತ್ತಿನಲ್ಲಿ 18 ನ್ಯೂಟನ್ ಫೋರ್ಸ್ ಕಂಬವನ್ನ ಸೆಕೆಂಡಿಗೆ ಒಂಬತ್ತೂವರೆ ಸಲ ಅಲ್ಲಾಡಿಸತ್ತೆ. ಬ್ಲೇಡನ್ನ ರೂಟಲ್ಲಿ ಗಟ್ಟಿ ಹಿಡಿದು ತುದಿಗೆ ತಟ್ಟಿ ಅದರ ಸ್ವಂತ ಕಂಪನ ಅಳೀರಿ, ಫೋನಿನ ಸ್ಲೋ ಮೋಶನ್ ವಿಡಿಯೋದಲ್ಲೇ ಎಣಿಸಬಹುದು, ಅದು ಒಂಬತ್ತೂವರೆ ಹರ್ಟ್ಜ್ ಹತ್ರನೂ ಇರಬಾರದು, ಅದರ ಮೂರು ಪಟ್ಟು 28-29ರ ಹತ್ರನೂ ಇರಬಾರದು. ಹತ್ರ ಬಂದ್ರೆ ತುದಿ ಹಗುರ ಮಾಡಿ ಅಥವಾ ರೂಟ್ ದಪ್ಪ ಮಾಡಿ, ಮತ್ತೆ ತಟ್ಟಿ ನೋಡಿ.